ಬಿಟ್ಟಿ, ಗ್ಯಾರಂಟಿ, ಪ್ರೋತ್ಸಾಹಧನ: ಹೆಸರಿಡುವಾಗಲೇ ಅರ್ಧ ವಾದ ಮುಗಿದಿರುತ್ತೆ

2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ದುಡ್ಡು ಕೊಡದೆ ಓಡಾಡಬಹುದು. ಸಂಗತಿ ಇಷ್ಟೇ. ಆದರೆ ಅದಕ್ಕೆ ಬಿದ್ದಿರುವ ಹೆಸರುಗಳನ್ನು ನೋಡಿ. ಸರ್ಕಾರದ ಜಾಹೀರಾತಿನಲ್ಲಿ ‘ಗ್ಯಾರಂಟಿ’. ಆಗದವರ ಬಾಯಲ್ಲಿ ‘ಬಿಟ್ಟಿ ಭಾಗ್ಯ’. ದಿಲ್ಲಿಯ ಭಾಷಣಗಳಲ್ಲಿ ‘ರೇವಡಿ’, ಅಂದರೆ ಎಳ್ಳಿನ ಮಿಠಾಯಿ. ಇಂಗ್ಲಿಷ್ ಚಾನೆಲ್ಲುಗಳಲ್ಲಿ ‘ಫ್ರೀಬಿ’. ಅರ್ಥಶಾಸ್ತ್ರ ಓದಿದವರಿಗೆ ‘ಸಬ್ಸಿಡಿ’. ಬಸ್ಸು ಅದೇ, ಹತ್ತಿದವರೂ ಅವರೇ. ಹೆಸರು ಬದಲಾದಂತೆ ನಮ್ಮ ಸಿಟ್ಟು, ಸಂತೋಷ, ಅನುಮಾನ ಎಲ್ಲವೂ ಬದಲಾಗುತ್ತವೆ.

ರಾಜಕೀಯದಲ್ಲಿ ಹೆಸರಿಡುವ ಕೆಲಸ ಸುಮ್ನೆ ನಡೆಯುವುದಿಲ್ಲ. ಒಂದು ಹಣೆಪಟ್ಟಿ ಅಂಟಿಸಿದ ಕೂಡಲೇ ಮೂರು ಪಾತ್ರಗಳು ನಿಗದಿಯಾಗುತ್ತವೆ: ಕೊಡುವವರು ಯಾರು, ತಗೊಳ್ಳುವವರು ಯಾರು, ಬಿಲ್ ಕಟ್ಟುವವರು ಯಾರು. ಯಾವ ಪಾತ್ರ ಕಾಣಬೇಕು, ಯಾವುದು ಕಾಣಬಾರದು ಅನ್ನುವುದನ್ನು ಹೆಸರೇ ತೀರ್ಮಾನಿಸುತ್ತದೆ. ಆಮೇಲೆ ನಾವು ಗಂಟೆಗಟ್ಟಲೆ ಜಗಳ ಆಡಿದರೂ ಆ ಚೌಕಟ್ಟಿನ ಒಳಗೇ ಆಡುತ್ತಿರುತ್ತೇವೆ. ಇದು ಹೇಗೆ ನಡೆಯುತ್ತದೆ ಅಂತ ನೋಡಲು ನಮ್ಮ ಗ್ಯಾರಂಟಿ ಗಲಾಟೆಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಮೊದಲು ಕನ್ನಡದ ಮಾತುಗಳನ್ನೇ ತಗೊಳ್ಳಿ. ದುಡ್ಡು ಕೊಡದೆ ಸಿಗುವುದಕ್ಕೆ ನಮ್ಮಲ್ಲಿ ಎಷ್ಟೊಂದು ಪದ! ‘ಉಚಿತ’ ಅಂದರೆ ಗೌರವ ಇದೆ. ‘ಉಚಿತ ನೇತ್ರ ತಪಾಸಣಾ ಶಿಬಿರ’ ಅಂತ ಬ್ಯಾನರ್ ಕಟ್ಟುತ್ತಾರೆ. ‘ಬಿಟ್ಟಿ ನೇತ್ರ ತಪಾಸಣಾ ಶಿಬಿರ’ ಅಂತ ಕಟ್ಟಿದರೆ ಕಣ್ಣು ತೋರಿಸಲು ಒಬ್ಬರೂ ಬರಲ್ಲ. ‘ಫ್ರೀ’ ಅಂಗಡಿಯ ಮಾತು, ಒಂದು ಕೊಂಡರೆ ಒಂದು ಫ್ರೀ. ‘ಪುಕ್ಸಟ್ಟೆ’ ಅಂದರೆ ನಗು ಬರುತ್ತದೆ. ಪುಕ್ಸಟ್ಟೆ ಸಿಕ್ಕಿದ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನುತ್ತೇವೆ, ಅದರಲ್ಲಿ ನಮ್ಮನ್ನೂ ಸೇರಿಸಿಕೊಂಡೇ ನಗುತ್ತೇವೆ. ‘ಬಿಟ್ಟಿ’ ಮಾತ್ರ ಬೈಗುಳ. ಬಿಟ್ಟಿ ಕೂಳು ಅಂದರೆ ತಿಂದವನ ಮಾನ ಹೋದ ಹಾಗೆ.

ಆ ಪದದ ಹಿಂದೆ ಒಂದು ವಿಚಿತ್ರ ಇದೆ. ಹಳೆಯ ಕಾಲದಲ್ಲಿ ಬಿಟ್ಟಿ ಅಂದರೆ ಕೂಲಿ ಇಲ್ಲದ ದುಡಿಮೆ. ಸಂಸ್ಕೃತದ ‘ವಿಷ್ಟಿ’ಯೇ ನಮ್ಮಲ್ಲಿ ಬಿಟ್ಟಿ ಆಯಿತು. ಅರಸನಿಗೆ, ಊರಿನ ಒಡೆಯನಿಗೆ ಬಡವರು ಕಡ್ಡಾಯವಾಗಿ ಮಾಡಿಕೊಡಬೇಕಾಗಿದ್ದ ಕೆಲಸ ಅದು. ‘ಬಿಟ್ಟಿ ಚಾಕರಿ’ ಅನ್ನುವಾಗ ಇವತ್ತಿಗೂ ಆ ಅರ್ಥ ಉಳಿದಿದೆ. ಅಂದರೆ ಬಡವರು ಉಳ್ಳವರಿಗೆ ಪುಕ್ಕಟೆ ಕೊಟ್ಟಿದ್ದಕ್ಕೆ ಇದ್ದ ಹೆಸರು, ಈಗ ಬಡವರಿಗೆ ಪುಕ್ಕಟೆ ಸಿಕ್ಕಿದ್ದಕ್ಕೆ ಬಂದು ಅಂಟಿಕೊಂಡಿದೆ. ಬಳಸುವವರು ಇದನ್ನೆಲ್ಲ ಯೋಚಿಸಿ ಬಳಸುತ್ತಾರೆ ಅಂತಲ್ಲ. ಪದಕ್ಕೆ ಅದರ ಕೀಳುತನ ಮಾತ್ರ ಉಳಿದಿದೆ, ಯಾರು ಯಾರಿಗೆ ದುಡಿದರು ಅನ್ನುವ ನೆನಪು ಅಳಿಸಿಹೋಗಿದೆ.

‘ರೇವಡಿ’ ಕಥೆ ಇನ್ನೊಂದು. 2022ರ ಜುಲೈ 16ರಂದು ಉತ್ತರ ಪ್ರದೇಶದ ಜಾಲೌನ್ ಜಿಲ್ಲೆಯಲ್ಲಿ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದ ಪ್ರಧಾನಿ ಮೋದಿ, ರೇವಡಿ ಹಂಚಿ ಮತ ಪಡೆಯುವ ಸಂಸ್ಕೃತಿ ದೇಶಕ್ಕೆ ಅಪಾಯ ಅಂದರು. ರೇವಡಿ ಹಂಚುವವರು ಎಕ್ಸ್‌ಪ್ರೆಸ್‌ವೇ, ವಿಮಾನ ನಿಲ್ದಾಣ ಕಟ್ಟಲ್ಲ ಅನ್ನುವುದು ಅವರ ವಾದ. ಒಂದು ಕಡೆ ರಸ್ತೆ, ಇನ್ನೊಂದು ಕಡೆ ಮಿಠಾಯಿ. ಹಿಂದಿ ಬಲ್ಲವರಿಗೆ ರೇವಡಿ ಅಂದ ತಕ್ಷಣ ಒಂದು ಗಾದೆ ನೆನಪಾಗುತ್ತದೆ: ಕುರುಡ ರೇವಡಿ ಹಂಚಿದರೆ ತಿರುತಿರುಗಿ ತನ್ನವರಿಗೇ ಕೊಡುತ್ತಾನೆ ಅಂತ. ಹಾಗಾಗಿ ಒಂದೇ ಪದದಲ್ಲಿ ದುಂದು, ಪಕ್ಷಪಾತ, ಚಿಲ್ಲರೆತನ ಮೂರೂ ಬಂದುಬಿಟ್ಟವು. ಅದನ್ನು ಕನ್ನಡಕ್ಕೆ ತರಲು ನಮ್ಮ ಪತ್ರಿಕೆಗಳು ಒದ್ದಾಡಿದವು. ರೇವಡಿಯನ್ನು ಮಾಡುವುದು ಎಳ್ಳು, ಸಕ್ಕರೆ ಅಥವಾ ಬೆಲ್ಲ ಹಾಕಿ. ಆದರೆ ‘ಎಳ್ಳುಬೆಲ್ಲ ಸಂಸ್ಕೃತಿ’ ಅಂದಿದ್ದರೆ ನಮಗೆ ಸಂಕ್ರಾಂತಿ ನೆನಪಾಗಿ ಎಲ್ಲರೂ ಖುಷಿಪಡುತ್ತಿದ್ದೆವು! ಕೊನೆಗೆ ಇಲ್ಲಿ ನಿಂತಿದ್ದು ‘ಬಿಟ್ಟಿ’ಯೇ.

ಈ ಚರ್ಚೆಯಲ್ಲಿ ಹೆಚ್ಚು ಕೇಳಿಬರುವ ಇನ್ನೊಂದು ಹಣೆಪಟ್ಟಿ ‘ತೆರಿಗೆದಾರ’. ‘ತೆರಿಗೆದಾರರ ದುಡ್ಡಲ್ಲಿ ಬಿಟ್ಟಿ ಹಂಚ್ತಾರೆ’ ಅನ್ನುವ ವಾಕ್ಯವನ್ನು ನೀವೂ ನೂರು ಸಲ ಕೇಳಿರುತ್ತೀರಿ. ಅದರಲ್ಲಿ ತೆರಿಗೆ ಕಟ್ಟುವವರು ಒಂದು ಗುಂಪು, ಬಿಟ್ಟಿ ಪಡೆಯುವವರು ಇನ್ನೊಂದು ಗುಂಪು. ಇಬ್ಬರ ನಡುವೆ ಗೋಡೆ. ಆದರೆ ಪ್ರಧಾನಿ ರೇವಡಿ ಭಾಷಣ ಮಾಡಿದ ಎರಡೇ ದಿನಕ್ಕೆ, ಅಂದರೆ 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮೊಸರು, ಮಜ್ಜಿಗೆ, ಅಕ್ಕಿ, ಹಿಟ್ಟಿನ ಮೇಲೆ ಶೇಕಡಾ 5 ಜಿಎಸ್‌ಟಿ ಬಿತ್ತು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಹಾಕುವ ಹೆಂಗಸು ಸಂಜೆ ಮನೆಗೆ ಹೋಗುವಾಗ ಮೊಸರಿನ ಪ್ಯಾಕೆಟ್ ಕೊಂಡರೆ ಆಕೆಯೂ ತೆರಿಗೆದಾರಳೇ. ಸೋಪಿಗೆ, ಮೊಬೈಲ್ ರೀಚಾರ್ಜಿಗೆ, ಮಗನ ಜಾಮಿಟ್ರಿ ಬಾಕ್ಸಿಗೆ ಆಕೆ ತೆರಿಗೆ ಕಟ್ಟಿದ್ದಾಳೆ. ನಾವು ‘ತೆರಿಗೆದಾರ’ ಅಂದಾಗ ಕಣ್ಣಮುಂದೆ ಬರುವುದು ಮಾತ್ರ ಫಾರ್ಮ್ 16 ಹಿಡಿದ ಸಂಬಳದಾರ. ಆದಾಯ ತೆರಿಗೆ ಕಟ್ಟುವವರ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಸಂಬಳ ಕೈಗೆ ಬರುವ ಮುಂಚೆಯೇ ಕತ್ತರಿ ಬೀಳುತ್ತೆ, ಕಣ್ಣಿಗೆ ಕಾಣುತ್ತೆ. ಮೊಸರಿನ ತೆರಿಗೆ ಕಾಣಲ್ಲ. ಕಾಣುವ ತೆರಿಗೆ ಕಟ್ಟಿದವರಿಗೆ ಮಾತ್ರ ಆ ಬಿರುದು ಸಿಕ್ಕಿದೆ.

ಇನ್ನೊಂದು ತುದಿಯಲ್ಲಿ ‘ಫಲಾನುಭವಿ’ ಇದ್ದಾನೆ. ಇದು ಸರ್ಕಾರಿ ಕಡತದ ಪದ, ಯಾರಿಗೂ ನೋವು ಮಾಡದಂತೆ ಕಾಣುತ್ತದೆ. ಆದರೆ ಬೇರೆ ಯಾರೋ ಬೆಳೆಸಿದ ಮರದ ಹಣ್ಣು ತಿನ್ನುವವನು ಅನ್ನುವ ಭಾವ ಅದರಲ್ಲೇ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರವನ್ನು ಕಾನೂನಿನ ಹಕ್ಕು ಮಾಡಿತು. ಆದರೂ ನ್ಯಾಯಬೆಲೆ ಅಂಗಡಿ ಮುಂದಿನ ಕ್ಯೂನಲ್ಲಿ ನಿಂತವರನ್ನು ನಾವು ‘ಹಕ್ಕುದಾರರು’ ಅನ್ನಲ್ಲ.

ಪದ ಕಾಗದದಲ್ಲಿ ಉಳಿದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಅದು ಬಸ್ಸು ಹತ್ತುತ್ತದೆ. ಶಕ್ತಿ ಶುರುವಾದ ಮೇಲೆ ರಶ್ ಇರುವ ಬಸ್ಸುಗಳಲ್ಲಿ ಸೀಟಿನ ಜಗಳಕ್ಕೆ ಒಂದು ಹೊಸ ಸಾಲು ಸೇರಿಕೊಂಡಿದೆ: ‘ಫ್ರೀ ತಾನೇ, ನಿಂತ್ಕೊಂಡೇ ಬನ್ನಿ.’ ಈ ಮಾತು ಕೇಳಿದವಳು ಉತ್ತರ ಕೊಡಬೇಕೆಂದರೆ ಮೊದಲು ‘ನಾನು ಬಿಟ್ಟಿ ಅಲ್ಲ’ ಅಂತ ಸಾಬೀತು ಮಾಡಬೇಕು. ಸೀಟಿನ ವಿಷಯ ಆಮೇಲೆ. ಬಸ್ಸು ಸಾಲುತ್ತಿಲ್ಲ ಅನ್ನುವುದು ನಿಜವಾದ ದೂರು, ಅದನ್ನು ನಿಗಮಕ್ಕೆ, ಸರ್ಕಾರಕ್ಕೆ ಕೇಳಬೇಕು. ‘ಫ್ರೀ’ ಅನ್ನುವ ಪದ ಆ ದೂರನ್ನು ಪಕ್ಕದ ಸೀಟಿನವಳ ಕಡೆ ತಿರುಗಿಸಿಬಿಡುತ್ತದೆ. ಆಕೆಯ ಟಿಕೆಟ್ಟಿನ ಲೆಕ್ಕ ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಸಮಯಕ್ಕೆ ಸರಿಯಾಗಿ ತುಂಬುತ್ತಿದೆಯಾ? ಈ ಪ್ರಶ್ನೆಗೆ ಜಗಳದಲ್ಲಿ ಜಾಗವೇ ಇರಲ್ಲ.

ಹಾಗಂತ ‘ಗ್ಯಾರಂಟಿ’ ಏನೂ ಮುಗ್ಧ ಪದ ಅಲ್ಲ. 2013ರ ಸುಮಾರಿಗೆ ಕರ್ನಾಟಕದಲ್ಲಿ ‘ಭಾಗ್ಯ’ಗಳ ಕಾಲ: ಅನ್ನಭಾಗ್ಯ, ಕ್ಷೀರಭಾಗ್ಯ, ಕೃಷಿಭಾಗ್ಯ. ಅದಕ್ಕೂ ಮುಂಚೆ, 2006ರಲ್ಲಿ, ಬಿಜೆಪಿ–ಜೆಡಿಎಸ್ ಸರ್ಕಾರದಲ್ಲಿ ಭಾಗ್ಯಲಕ್ಷ್ಮಿ ಬಂದಿತ್ತು. ಭಾಗ್ಯ ಅಂದರೆ ಅದೃಷ್ಟ, ಮೇಲಿನಿಂದ ಬರುವಂಥದ್ದು. ‘ಭಾಗ್ಯ’ದ ಮುಂದೆ ‘ಬಿಟ್ಟಿ’ ಸೇರಿಸಿ ಗೇಲಿ ಮಾಡುವುದು ಸುಲಭವಾಯಿತು. 2023ರ ಚುನಾವಣೆ ಹೊತ್ತಿಗೆ ಕಾಂಗ್ರೆಸ್ ಪದ ಬದಲಿಸಿತು. ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಸಹಿ ಹಾಕಿದ ಗ್ಯಾರಂಟಿ ಕಾರ್ಡುಗಳು ಮನೆಮನೆಗೆ ಹೋದವು. ಮಿಕ್ಸಿ, ಗ್ರೈಂಡರ್ ಕೊಂಡಾಗ ಜೋಪಾನವಾಗಿ ಎತ್ತಿಡುತ್ತೇವಲ್ಲ, ಅದೇ ಥರದ ಕಾರ್ಡು. ಕಾರ್ಡು ಕೈಯಲ್ಲಿದ್ದರೆ ಅಂಗಡಿಯವನನ್ನು ಕೇಳಬಹುದು. ‘ನಾಳೆ ಬರ್ತೀನಿ, ಗ್ಯಾರಂಟಿ’ ಅನ್ನುವ ನಮ್ಮ ದಿನನಿತ್ಯದ ಮಾತಿನ ಭರವಸೆಯೂ ಅದರಲ್ಲಿತ್ತು. ತಗೊಳ್ಳುವವನು ಭಿಕ್ಷುಕನಿಂದ ಗಿರಾಕಿಯಾದ. ಜಾಣ ಆಯ್ಕೆ ಅಂತ ಒಪ್ಪಲೇಬೇಕು.

ಆದರೆ ಈ ಪದವೂ ಒಂದು ಪಾತ್ರವನ್ನು ಮರೆಗೆ ತಳ್ಳಿತು. ಬಿಲ್ ಕಟ್ಟುವುದು ಯಾರು? 2024–25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ತೆಗೆದಿಟ್ಟ ಹಣ ಸುಮಾರು 52 ಸಾವಿರ ಕೋಟಿ ರೂಪಾಯಿ. ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಮೀಸಲಾದ ಹಣದಲ್ಲಿ ಒಂದು ಭಾಗವೂ ಗ್ಯಾರಂಟಿಗಳಿಗೆ ಹೋಯಿತು. ಆ ಹಣ ಅದೇ ಸಮುದಾಯದ ಫಲಾನುಭವಿಗಳಿಗೇ ಸೇರುತ್ತೆ ಅನ್ನುವುದು ಸರ್ಕಾರದ ಸಮರ್ಥನೆ. ಹಾಸ್ಟೆಲ್, ಭೂಮಿ, ಕೊಳವೆಬಾವಿಗೆ ಹೋಗಬೇಕಾದ ಹಣ ಎಲ್ಲರಿಗೂ ಸಿಗುವ ಯೋಜನೆಗೆ ಯಾಕೆ ಅನ್ನುವುದು ಎದುರು ಪ್ರಶ್ನೆ. ನನಗೆ ಇದು ಇಡೀ ಗ್ಯಾರಂಟಿ ಚರ್ಚೆಯಲ್ಲೇ ತೂಕದ ಪ್ರಶ್ನೆ ಅನ್ನಿಸುತ್ತದೆ. ‘ಬಿಟ್ಟಿ’ ಅನ್ನುವವರಿಗೂ ‘ಗ್ಯಾರಂಟಿ’ ಅನ್ನುವವರಿಗೂ ಇದನ್ನು ಕೇಳುವ ಪುರುಸೊತ್ತಿರಲಿಲ್ಲ. ಆ ಹೊತ್ತಿಗೆ ‘ನಿಂಗೂ ಫ್ರೀ, ನಂಗೂ ಫ್ರೀ’ ರೀಲ್ಸ್ ಓಡುತ್ತಿತ್ತು.

ಹೆಸರಿನ ಆಟ ಎಷ್ಟು ಸೂಕ್ಷ್ಮ ಅಂತ ನೋಡಬೇಕಾದರೆ ರಾಜ್ಯಗಳ ಗಡಿ ದಾಟಬೇಕು. ಹೆಣ್ಣುಮಕ್ಕಳ ಖಾತೆಗೆ ತಿಂಗಳು ತಿಂಗಳು ಹಣ ಹಾಕುವ ಯೋಜನೆ ಈಗ ಹಲವು ರಾಜ್ಯಗಳಲ್ಲಿದೆ. ಪಶ್ಚಿಮ ಬಂಗಾಳದಲ್ಲಿ 2021ರಲ್ಲಿ ಬಂದಿದ್ದು ‘ಲಕ್ಷ್ಮೀರ್ ಭಂಡಾರ್’. ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ‘ಗೃಹಲಕ್ಷ್ಮಿ’, 2,000 ರೂಪಾಯಿ. ಮಧ್ಯಪ್ರದೇಶದಲ್ಲಿ ಬಿಜೆಪಿ ಸರ್ಕಾರ ತಂದಿದ್ದು ‘ಲಾಡ್ಲಿ ಬೆಹನಾ’, ಮುದ್ದಿನ ತಂಗಿ. ಮಹಾರಾಷ್ಟ್ರದಲ್ಲಿ 2024ರಲ್ಲಿ ‘ಲಾಡ್ಕಿ ಬಹೀಣ್’, 1,500 ರೂಪಾಯಿ. ತಮಿಳುನಾಡಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಬಂದಿದ್ದು ‘ಮಗಳಿರ್ ಉರಿಮೈ ತೊಗೈ’, 1,000 ರೂಪಾಯಿ. ಉರಿಮೈ ಅಂದರೆ ಹಕ್ಕು.

ಹಣ ಹೆಚ್ಚುಕಡಿಮೆ ಒಂದೇ ಥರದ್ದು. ಆದರೆ ತಂಗಿ ಅಂದಾಗ ಮುಖ್ಯಮಂತ್ರಿ ಅಣ್ಣ ಆಗುತ್ತಾನೆ. ಅಣ್ಣ ತಂಗಿಗೆ ಕೊಟ್ಟರೆ ಅದನ್ನು ಬಿಟ್ಟಿ ಅನ್ನಲು ಯಾರಿಗೆ ಬಾಯಿ ಬರುತ್ತೆ? ರಾಖಿ ಹಬ್ಬದ ವಾಸನೆ ಅದಕ್ಕಿದೆ. ಜತೆಗೆ ಅಣ್ಣನ ಹತ್ತಿರ ಲೆಕ್ಕ ಕೇಳುವ ಪದ್ಧತಿ ನಮ್ಮಲ್ಲಿ ಕಡಿಮೆ. ಲಕ್ಷ್ಮಿ ಅಂದಾಗ ಆಕೆ ಮನೆಯ ಸಂಪತ್ತು. ಮನೆಯ ಒಳಗಿದ್ದರೆ ಪೂಜೆ. ಹಕ್ಕು ಅಂದಾಗ ಮಾತ್ರ ಚಿತ್ರ ಬೇರೆ. ಹಕ್ಕನ್ನು ಬೇಡಿ ಪಡೆಯಬೇಕಿಲ್ಲ, ತಡವಾದರೆ ಜೋರು ಮಾಡಬಹುದು. ಮನೆಯೊಳಗೆ ಸಂಬಳವಿಲ್ಲದೆ ಹೆಂಗಸರು ಮಾಡುವ ಕೆಲಸಕ್ಕೆ ಇದು ಮನ್ನಣೆ ಅಂತ ತಮಿಳುನಾಡು ಸರ್ಕಾರ ವಿವರಿಸಿಕೊಂಡಿದೆ. ಹಾಗಂತ ಅಲ್ಲೂ ಎಲ್ಲ ಹೆಂಗಸರಿಗೂ ಸಿಗಲ್ಲ. ಆದಾಯದ ಮಿತಿ ಇದೆ. ಹೆಸರಿನಲ್ಲಿ ಹಕ್ಕು, ಒಳಗೆ ಅರ್ಹತೆಯ ಪಟ್ಟಿ.

ಇದೆಲ್ಲ ಬರೀ ಮಾತಿನ ಚಮತ್ಕಾರವಾ, ಜನರ ಅಭಿಪ್ರಾಯ ನಿಜವಾಗಿ ಬದಲಾಗುತ್ತದಾ? ಅಮೆರಿಕದಲ್ಲಿ ಇದಕ್ಕೆ ಒಳ್ಳೆಯ ಪರೀಕ್ಷೆಯೇ ಇದೆ. ಅಲ್ಲಿನ ಜನರಲ್ ಸೋಷಿಯಲ್ ಸರ್ವೆ ಅನ್ನುವ ಸಮೀಕ್ಷೆ 1980ರ ದಶಕದಿಂದ ಒಂದು ಪ್ರಶ್ನೆಯನ್ನು ಎರಡು ರೀತಿ ಕೇಳುತ್ತಾ ಬಂದಿದೆ. ಕೆಲವರಿಗೆ ‘ವೆಲ್ಫೇರ್’ಗೆ ಸರ್ಕಾರ ಮಾಡುತ್ತಿರುವ ಖರ್ಚು ಜಾಸ್ತಿಯಾ, ಕಡಿಮೆಯಾ ಅಂತ. ಉಳಿದವರಿಗೆ ‘ಬಡವರಿಗೆ ನೆರವು’ ಕೊಡುವ ಖರ್ಚು ಜಾಸ್ತಿಯಾ, ಕಡಿಮೆಯಾ ಅಂತ. ಯಾರಿಗೆ ಯಾವ ಪ್ರಶ್ನೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಬಡವರಿಗೆ ನೆರವು ಅಂದಾಗ ‘ಇನ್ನೂ ಖರ್ಚು ಮಾಡಬೇಕು’ ಅನ್ನುವವರೇ ಹೆಚ್ಚು. ವೆಲ್ಫೇರ್ ಅಂದ ಕೂಡಲೇ ಆ ಸಂಖ್ಯೆ ಧಡಾರಂತ ಇಳಿಯುತ್ತದೆ. ಸಮೀಕ್ಷೆ ಮತ್ತೆ ಮತ್ತೆ ನಡೆದರೂ ಈ ಅಂತರ ಹೋಗಿಲ್ಲ. ಅಲ್ಲಿ ವೆಲ್ಫೇರ್ ಪದಕ್ಕೆ ಸೋಮಾರಿತನದ, ವರ್ಣದ್ವೇಷದ ಕೊಳೆ ದಶಕಗಳಿಂದ ಮೆತ್ತಿಕೊಂಡಿದೆ. ಹಾಗಾಗಿ ಮುಂದಿನ ಸಲ ‘ಶೇಕಡಾ ಇಷ್ಟು ಜನ ಬಿಟ್ಟಿ ಯೋಜನೆಗಳ ವಿರುದ್ಧ’ ಅಂತ ಸಮೀಕ್ಷೆ ಬಂದರೆ, ಮೊದಲು ನೋಡಬೇಕಾದ್ದು ಪ್ರಶ್ನೆಯನ್ನು ಯಾವ ಪದದಲ್ಲಿ ಕೇಳಿದ್ದಾರೆ ಅಂತ.

ಈಗ ಶ್ರೀಮಂತರ ಕಡೆ ತಿರುಗೋಣ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆ ದರವನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿತು. ಇದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಬಿಟ್ಟುಕೊಟ್ಟಂತಾಗುತ್ತದೆ ಅಂತ ಸರ್ಕಾರವೇ ಹೇಳಿತು. ಅದರ ಹೆಸರು ‘ಉತ್ತೇಜನ’. ಕಾರ್ಖಾನೆಗಳಿಗೆ ಉತ್ಪಾದನೆಯ ಲೆಕ್ಕದಲ್ಲಿ ಕೊಡುವ ಹಣ ‘ಪ್ರೋತ್ಸಾಹಧನ’. 2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂದಾಗ ನಮ್ಮ ಟಿವಿಗಳು ಕೂಗಿದ್ದು ‘ಮಧ್ಯಮ ವರ್ಗಕ್ಕೆ ಬಂಪರ್’. ಸರ್ಕಾರ ಬಿಟ್ಟುಕೊಟ್ಟ ಆದಾಯ ಸುಮಾರು 1 ಲಕ್ಷ ಕೋಟಿ. ಯಾರೂ ಅದನ್ನು ಬಿಟ್ಟಿ ಅನ್ನಲಿಲ್ಲ.

ಇದಕ್ಕೆ ಎದುರು ವಾದ ಇದೆ, ಅದರಲ್ಲಿ ಹುರುಳೂ ಇದೆ. ತೆರಿಗೆ ಇಳಿಸುವುದು ಅಂದರೆ ಅವರ ದುಡ್ಡನ್ನೇ ಅವರಲ್ಲಿ ಬಿಡುವುದು. ಖಾತೆಗೆ ಹಣ ಹಾಕುವುದು ಬೇರೆ. ಕಂಪನಿ ಲಾಭದಲ್ಲಿ ಹೊಸ ಕಾರ್ಖಾನೆ ಕಟ್ಟಿದರೆ ಕೆಲಸ ಹುಟ್ಟುತ್ತದೆ. ಸರಿ, ಅದು ವಾದ ಮಾಡಬೇಕಾದ ವಿಷಯ: ಕಾರ್ಖಾನೆ ಬಂತಾ, ಕೆಲಸ ಹುಟ್ಟಿತಾ? ಅದೇ ಥರ ಗೃಹಲಕ್ಷ್ಮಿ ಹಣದಲ್ಲಿ ಏನಾಯಿತು ಅಂತಲೂ ಕೇಳಬೇಕು. ‘ಪ್ರೋತ್ಸಾಹ’ ಅಂದರೆ ಫಲ ಬಂದೇ ಬರುತ್ತೆ ಅಂತ ಮೊದಲೇ ಒಪ್ಪಿಕೊಂಡಂತೆ. ‘ಬಿಟ್ಟಿ’ ಅಂದರೆ ಫಲ ಇಲ್ಲವೇ ಇಲ್ಲ ಅಂತ ಮೊದಲೇ ಬರೆದುಕೊಂಡಂತೆ. ಎರಡರಲ್ಲೂ ಲೆಕ್ಕ ತೆಗೆಯುವ ಮುಂಚೆಯೇ ತೀರ್ಪು ಬಂದಿದೆ.

ಹೋಲಿಕೆಯ ಹುಮ್ಮಸ್ಸಿನಲ್ಲಿ ಇನ್ನೊಂದು ಕಡೆಯವರೂ ಜಾರುತ್ತಾರೆ. ‘ರೈತರ ಸಾಲ ಮನ್ನಾ ಮಾಡಿದ್ರೆ ಗಲಾಟೆ, ಉದ್ಯಮಿಗಳ ಸಾವಿರಾರು ಕೋಟಿ ಮನ್ನಾ ಆದ್ರೆ ಸುಮ್ನಿರ್ತಾರೆ’ ಅನ್ನುವ ಪೋಸ್ಟ್ ನೋಡಿರುತ್ತೀರಿ. ಬ್ಯಾಂಕುಗಳು ಮಾಡುವ ‘ರೈಟ್‌ಆಫ್’ ಮತ್ತು ಸಾಲಮನ್ನಾ ಒಂದೇ ಅಲ್ಲ. ರೈಟ್‌ಆಫ್ ಆದರೆ ಸಾಲ ಬ್ಯಾಂಕಿನ ಪುಸ್ತಕದ ಒಂದು ಕಡೆಯಿಂದ ಹೋಗುತ್ತದೆ, ಸಾಲಗಾರ ಋಣಮುಕ್ತ ಆಗಲ್ಲ, ವಸೂಲಿ ಕಾನೂನಿನ ಪ್ರಕಾರ ನಡೆಯಬಹುದು. ಮನ್ನಾದಲ್ಲಿ ಸಾಲವೇ ತೀರಿಹೋಗುತ್ತದೆ. ಎರಡಕ್ಕೂ ‘ಮನ್ನಾ’ ಅನ್ನುವುದು ಕೂಡ ಹಣೆಪಟ್ಟಿಯ ಆಟವೇ. ಹಾಗಂತ ಬ್ಯಾಂಕಿನವರ ಭಾಷೆಯೂ ಕಡಿಮೆಯದಲ್ಲ. ದಿವಾಳಿ ಪ್ರಕ್ರಿಯೆಯಲ್ಲಿ ದೊಡ್ಡ ಕಂಪನಿಯ ಸಾಲದಲ್ಲಿ ಬ್ಯಾಂಕುಗಳು ಕಳೆದುಕೊಳ್ಳುವ ಭಾಗಕ್ಕೆ ಅವರಿಟ್ಟ ಹೆಸರು ‘ಹೇರ್‌ಕಟ್’! ಕೂದಲು ತಾನೇ, ಮತ್ತೆ ಬೆಳೆಯುತ್ತೆ ಬಿಡಿ.

ಹಣೆಪಟ್ಟಿ ಯೋಜನೆಗಳನ್ನು ಬಿಟ್ಟು ಮನುಷ್ಯರ ಮೇಲೆ ಹತ್ತಿದಾಗ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ‘ಭಕ್ತ’, ‘ಗುಲಾಮ’, ‘ಗಂಜಿ ಗಿರಾಕಿ’. ಎಡಪಂಥದ ಬರಹಗಾರರನ್ನು ಹಂಗಿಸಲು ಹುಟ್ಟಿದ ಗಂಜಿ ಗಿರಾಕಿಯಲ್ಲೂ ಅದೇ ಬಿಟ್ಟಿ ಕೂಳಿನ ವಾಸನೆ ಇದೆ, ಗಮನಿಸಿದ್ದೀರಾ? ಮಾತು ಯಾರದು ಅನ್ನುವುದು ಗೊತ್ತಾದರೆ ಸಾಕು, ಮಾತು ಏನು ಅಂತ ಕೇಳುವುದೇ ಬೇಡ. 2021ರ ಫೆಬ್ರವರಿಯಲ್ಲಿ ರೈತ ಹೋರಾಟದ ನಡುವೆ ಪ್ರಧಾನಿ ರಾಜ್ಯಸಭೆಯಲ್ಲಿ ‘ಆಂದೋಲನಜೀವಿ’ ಅಂದರು. ಹೋರಾಟಗಾರರು ಹೌದು ನಾವು ಆಂದೋಲನಜೀವಿಗಳೇ ಅಂತ ಅದನ್ನೇ ಎತ್ತಿಕೊಂಡರು.

ಹೀಗೆ ಬೈದ ಪದವನ್ನೇ ತೊಟ್ಟುಕೊಳ್ಳುವುದು, ಎದುರಾಳಿಯ ಒಳ್ಳೆ ಪದವನ್ನು ಕದಿಯುವುದು, ಎರಡೂ ಈ ಆಟದ ಭಾಗ. 2023ರ ಕರ್ನಾಟಕ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದ ಕೆಲವೇ ತಿಂಗಳಿಗೆ ಉತ್ತರದ ರಾಜ್ಯಗಳಲ್ಲಿ ‘ಮೋದಿ ಕಿ ಗ್ಯಾರಂಟಿ’ ಕೇಳಿಬಂತು. 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಪ್ರಣಾಳಿಕೆಯ ಹೆಸರೇ ಅದಾಯಿತು. ಆ ವರ್ಷದ ಕೊನೆಗೆ ದಿಲ್ಲಿಯಲ್ಲಿ ಆಮ್ ಆದ್ಮಿ ಪಕ್ಷ ‘ರೇವಡಿ ಪರ್ ಚರ್ಚಾ’ ಅಂತ ಪ್ರಚಾರ ಶುರುಮಾಡಿ, ಬೈಗುಳವನ್ನೇ ಬ್ಯಾನರ್ ಮಾಡಿಕೊಂಡಿತು. ದಿಲ್ಲಿಯ ಆ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 2,500 ರೂಪಾಯಿ ಅಂತ ಹೇಳಿತು. 2023ರಲ್ಲಿ ಕರ್ನಾಟಕದಲ್ಲೂ ಅದರ ಪ್ರಣಾಳಿಕೆಯಲ್ಲಿ ಬಿಪಿಎಲ್ ಕುಟುಂಬಗಳಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಇದ್ದವು. ಎಲ್ಲರೂ ಕೊಡುವವರೇ. ಯಾರದ್ದು ಕಲ್ಯಾಣ, ಯಾರದ್ದು ಬಿಟ್ಟಿ ಅನ್ನುವುದಷ್ಟೇ ಜಗಳ.

ಕಾನೂನು ಇದನ್ನು ಬಿಡಿಸಬಹುದು ಅಂದುಕೊಂಡವರಿದ್ದಾರೆ. ತಮಿಳುನಾಡಿನ ಟಿವಿ, ಮಿಕ್ಸಿ, ಗ್ರೈಂಡರ್ ಹಂಚಿಕೆಯ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಇಂಥ ಭರವಸೆ ಮತದಾರರ ಮೇಲೆ ಪ್ರಭಾವ ಬೀರುತ್ತೆ, ಆದರೆ ಈಗಿರುವ ಕಾನೂನಿನಲ್ಲಿ ಅದು ಭ್ರಷ್ಟ ಆಚರಣೆ ಆಗಲ್ಲ ಅಂದಿತು. 2022ರಲ್ಲಿ ವಿಷಯ ಮತ್ತೆ ಬಂದು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಅದೇ ವರ್ಷ ರಿಸರ್ವ್ ಬ್ಯಾಂಕಿನ ಒಂದು ವರದಿ, ಫ್ರೀಬಿಗೆ ಖಚಿತವಾದ ವ್ಯಾಖ್ಯೆ ಇಲ್ಲ ಅಂತ ಒಪ್ಪಿಕೊಂಡೇ, ಪಡಿತರ, ಉದ್ಯೋಗ ಖಾತ್ರಿ, ಶಿಕ್ಷಣ, ಆರೋಗ್ಯವನ್ನು ಒಂದು ಬುಟ್ಟಿಗೆ ಹಾಕಿತು. ಉಚಿತ ವಿದ್ಯುತ್, ನೀರು, ಬಸ್ಸು, ಸಾಲಮನ್ನಾವನ್ನು ಇನ್ನೊಂದಕ್ಕೆ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಅಷ್ಟು ಸುಲಭ ಅಲ್ಲ. ಬಸ್ಸು ಸಿಕ್ಕಿದ್ದರಿಂದಲೇ ದೂರದ ಕೆಲಸಕ್ಕೆ ಹೋಗಲು ಆದವಳಿಗೆ ಅದು ಯಾವ ಬುಟ್ಟಿ?

2022ರ ಅಕ್ಟೋಬರಿನಲ್ಲಿ ಚುನಾವಣಾ ಆಯೋಗ ಪಕ್ಷಗಳಿಗೆ ಪತ್ರ ಬರೆದು ಒಂದು ನಮೂನೆ ಮುಂದಿಟ್ಟಿತು. ಭರವಸೆ ಎಷ್ಟು ಜನರಿಗೆ ಮುಟ್ಟುತ್ತೆ? ಎಷ್ಟು ಖರ್ಚು? ಹಣ ಎಲ್ಲಿಂದ ತರುತ್ತೀರಿ: ಹೊಸ ತೆರಿಗೆ, ಸಾಲ, ಬೇರೆ ಯೋಜನೆಗೆ ಕತ್ತರಿ? ರಾಜ್ಯದ ಹಣಕಾಸಿನ ಮೇಲೆ ಏನು ಪರಿಣಾಮ? ಭರವಸೆ ಕೊಡುವುದು ನಮ್ಮ ಹಕ್ಕು, ಇದರಲ್ಲಿ ಆಯೋಗ ಕೈಹಾಕಬಾರದು ಅಂತ ಕಾಂಗ್ರೆಸ್ ಸೇರಿ ಹಲವು ವಿರೋಧ ಪಕ್ಷಗಳು ತಕರಾರು ತೆಗೆದವು. ಆಯೋಗಕ್ಕೆ ಆ ಅಧಿಕಾರ ಇದೆಯಾ ಇಲ್ಲವಾ ಅನ್ನುವುದು ವಾದದ ವಿಷಯ. ಆ ಕಾಲಂಗಳನ್ನು ತುಂಬಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. ಬಜೆಟ್ ಪುಸ್ತಕ ಎಲ್ಲರಿಗೂ ಸಿಗುತ್ತದೆ. ಶಕ್ತಿಗೂ ತುಂಬಬಹುದು, ಗೃಹಲಕ್ಷ್ಮಿಗೂ ತುಂಬಬಹುದು, ಕಂಪನಿ ತೆರಿಗೆಯ 1.45 ಲಕ್ಷ ಕೋಟಿಗೂ ತುಂಬಬಹುದು. ಆಗ 52 ಸಾವಿರ ಕೋಟಿ ಜಾಸ್ತಿ ಆಯಿತು ಅಂತ ಕೆಲವರಿಗೆ ಅನ್ನಿಸಬಹುದು, ಕೆಲವರಿಗೆ ಸಾಲದು ಅನ್ನಿಸಬಹುದು. ಜಗಳ ಇದ್ದೇ ಇರುತ್ತೆ, ಆದರೆ ಅದು ಬಸ್ಸಿನ ಸೀಟಿನಿಂದ ಎದ್ದು ಬಜೆಟ್ ಪುಸ್ತಕದ ಕಡೆ ಹೋಗಿರುತ್ತೆ.